ಹಳದಿ ಚೀಟಿ

"ಚೀಲ ಸುರಿಯೇ ನೆಲಕ್ಕೆ! ಕಳ್ಳ ಮುಂಡೆ, ಅನ್ನ ಹಾಕಿದ ಮನೇಲೇ ಕೈಚಳಕ ತೋರಿಸ್ತೀಯಾ?"

ಮನೆಯೊಡತಿ ದೋನಾ ಲೆನೀರಾಳ ಕೂಗಿಗೆ ಕೆಲಸದ ನಿಲ್ಮಾ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಮನೆಯ ಮಗ ತಾಲೆಸನ ಮೇಜಿನ ಡ್ರಾಯರಿನಲ್ಲಿ ನಾಲ್ಕು ಮಾತ್ರೆ ಕಡಿಮೆಯಾಗಿದ್ದವು. ಓದುವಾಗ ಮನಸ್ಸು ಚದುರದಿರಲೆಂದು ಅವನು ನುಂಗುವ ಮಾತ್ರೆ. ನಿಲ್ಮಾಳದೂ ಅದೇ ಮಾತ್ರೆ.

"ನಾ ಮುಟ್ಟಿಲ್ಲ ಕಣ್ರಮ್ಮ."

"ನಂಗೂ ಅದೇ ಕಾಯಿಲೆ ಅಂತ ನೀನೇ ತಾನೆ ಬೊಗಳಿದ್ದು? ಓದೋ ಮಕ್ಕಳಿಗೆ ಬರೋ ಕಾಯಿಲೆ ಕಣೇ ಅದು. ಕಸ ಹೊಡೆಯೋರಿಗೆ ಬರೋದು ಮೈಗಳ್ಳತನ."

ಬೆಳಿಗ್ಗೆ ಡ್ರಾಯರ್ ಒರೆಸುವಾಗ ಆ ಮಾತ್ರೆಯ ಹಾಳೆ ನಿಲ್ಮಾಳ ಕೈಗೆ ಬಂದದ್ದು ನಿಜ. ಹೆಬ್ಬೆರಳು ಒಂದು ಮಾತ್ರೆಯ ಮೇಲೆ ನಿಂತದ್ದೂ ನಿಜ. ಹಾಗೇ ಇಟ್ಟು ಬಂದಿದ್ದಳು.

ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ಸಂಜೆಯ ನರ್ಸಿಂಗ್ ಶಾಲೆ ಸೇರಿದ್ದಳು. ಹೋದ ವರ್ಷ ಮಾತ್ರೆ ಶುರುವಾದ ವಾರ, ಹುಟ್ಟಿದ ಮೇಲೆ ಮೊದಲ ಸಲ ಒಂದು ಪುಟವನ್ನು ಕೊನೆಯವರೆಗೆ ಓದಿ, ಮಂಚದ ತುದಿಯಲ್ಲಿ ಕೂತು ಅತ್ತಿದ್ದಳು. ಇಷ್ಟು ವರ್ಷ ದಡ್ಡಿ ಅನ್ನಿಸಿಕೊಂಡಿದ್ದು ಇದಕ್ಕಾ ಎಂದು.

ಆ ಮಾತ್ರೆಗೆ ವೈದ್ಯರ ಹಳದಿ ಚೀಟಿ ಬೇಕು. ಚೀಟಿಯ ಆಯಸ್ಸು ಮೂವತ್ತು ದಿನ. ರೆಸೀಫಿ ನಗರದ ಸರ್ಕಾರಿ ಔಷಧಿ ಅಂಗಡಿಗೆ ಹೋದಾಗಲೆಲ್ಲ 'ಬಂದಿಲ್ಲ' ಎಂದರು. ಮಾತ್ರೆ ಬಂದದ್ದು ಮೂವತ್ತೆರಡನೆಯ ದಿನ. ಗುಮಾಸ್ತ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದು ಸತ್ತೋಯ್ತಲ್ಲಮ್ಮ."

"ನೀವೇ ತಾನೆ ಸಾಯ್ಸಿದ್ದು?"

"ಬಾಯಿ ಜೋರು ಮಾಡ್ಬೇಡ. ಹೊಸದು ಬರೆಸ್ಕೊಂಡು ಬಾ."

ವೈದ್ಯರ ಸರದಿ ಸಿಕ್ಕಿದ್ದು ಬರುವ ಮಾರ್ಚಿಗೆ. ಪರೀಕ್ಷೆ ನಾಳೆ.

ಮಾತ್ರೆಯಿಲ್ಲದ ಈ ದಿನಗಳಿಗೆಂದು ಅವಳು ಕೂಗುವ ಟೈಮರೊಂದನ್ನು ಕೊಂಡು ಕೊರಳಿಗೆ ಕಟ್ಟಿಕೊಂಡಿದ್ದಳು. ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು: ಇಸ್ತ್ರಿ, ನಲ್ಲಿ, ಒಲೆ. ಇಸ್ತ್ರಿ ತೀಡುತ್ತ, ಹೃದಯದಲ್ಲಿ ರಕ್ತ ಹರಿಯುವ ದಾರಿಯ ಪಾಠ ಗುನುಗುತ್ತಿದ್ದಳು. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ... ಮುಂದಿನದು ನೆನಪಾಗದೆ ರಕ್ತ ಅಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ.

ನಿಲ್ಮಾ ಚೀಲ ಸುರಿದಳು. ಬಾಚಣಿಗೆ, ಬಸ್ ಕಾರ್ಡು, ಬಾಳೆಲೆಯಲ್ಲಿ ಸುತ್ತಿದ ಮರಗೆಣಸಿನ ರೊಟ್ಟಿ, ಟಿಪ್ಪಣಿ ಹಾಳೆಗಳು, ಸತ್ತ ಹಳದಿ ಚೀಟಿ. ಲೆನೀರಾ ಚಪ್ಪಲಿಯ ತುದಿಯಿಂದ ರೊಟ್ಟಿಯನ್ನು ಸರಿಸಿ ನೋಡಿದಳು.

ತಾಲೆಸ್ ಮೊಬೈಲಿನಿಂದ ಕಣ್ಣೆತ್ತದೆ ಬಾಗಿಲಲ್ಲಿ ನಿಂತಿದ್ದ. "ಅಮ್ಮಾ, ಅದು ನಾನೇ ಕೊಟ್ಟಿದ್ದು, ಫ್ರೆಂಡ್‌ಗೆ. ಸುಮ್ನೆ ಕಿರುಚಬೇಡ."

"ಮೊದಲೇ ಹೇಳ್ಬಾರದೇನೋ ಕಂದ?" ಲೆನೀರಾಳ ದನಿ ಮೆತ್ತಗಾಯಿತು. ಆಮೇಲೆ ಈ ಕಡೆ ತಿರುಗಿ, "ಏನು ನೋಡ್ತೀಯ? ಬಾಚ್ಕೊಂಡು ನೆಲ ಒರೆಸು," ಎಂದಳು.

ನಿಲ್ಮಾ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಚೀಟಿಯನ್ನೂ ಹಾಳೆಗಳನ್ನೂ ಬಸ್ ಕಾರ್ಡನ್ನೂ ಎತ್ತಿಕೊಂಡಳು. ರೊಟ್ಟಿ ಅಲ್ಲೇ ಇತ್ತು. ಮುಂಬಾಗಿಲು ತೆಗೆದಳು.

"ಏಯ್! ಕೆಲಸದೋರ ಲಿಫ್ಟ್ ಹಿಂದ್ಗಡೆ ಕಣೇ!"

"ಗೊತ್ತು ಕಣೇ ಲೆನೀರಾ. ಹನ್ನೊಂದು ವರ್ಸದಿಂದ ಗೊತ್ತು."

ಮನೆಯವರ ಲಿಫ್ಟಿನಲ್ಲಿ ಆಳೆತ್ತರದ ಕನ್ನಡಿಯಿತ್ತು. ಅದನ್ನು ಅವಳು ಒರೆಸಿದ್ದಿಲ್ಲ. ಅದರಲ್ಲಿ ತನ್ನನ್ನು ನೋಡಿಕೊಂಡೂ ಇರಲಿಲ್ಲ. ಬಾಗಿಲು ಮುಚ್ಚಿತು. ಕೆನ್ನೆ ಒದ್ದೆಯಾದ ಹೆಂಗಸೊಬ್ಬಳನ್ನು ನೋಡುತ್ತ ನಿಂತಳು. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ...

ಎಷ್ಟು ಹೊತ್ತಾಯಿತೋ. ಕೊರಳಲ್ಲಿ ಟೈಮರ್ ಕೂಗಿಕೊಂಡಿತು. ಮುಂಗೈ ನೋಡಿದಳು. ಒಲೆ. ಕುಕ್ಕರಿನಲ್ಲಿ ಕಾಳು.

ಆಗಲೇ ಅವಳಿಗೆ ಹೊಳೆದದ್ದು, ಲಿಫ್ಟ್ ಕದಲಿಯೇ ಇಲ್ಲ. ಗುಂಡಿ ಒತ್ತುವುದನ್ನೇ ಮರೆತಿದ್ದಳು.

"ನಿಲ್ಮಾ! ಕುಕ್ಕರ್ ಕೂಗ್ತಿದೆ! ಇದನ್ನ ಆರಿಸೋದು ಹೆಂಗೇ?" ಬಾಗಿಲಾಚೆಯಿಂದ ಲೆನೀರಾಳ ದನಿ.

ನಿಲ್ಮಾ ಎಲ್ಲಕ್ಕಿಂತ ಕೆಳಗಿನ ಗುಂಡಿಯನ್ನು ಒತ್ತಿದಳು. ಟೈಮರನ್ನು ನಿಲ್ಲಿಸಲಿಲ್ಲ. ಹನ್ನೆರಡು ಅಂತಸ್ತೂ ಅದು ಕೂಗುತ್ತಲೇ ಇಳಿಯಿತು. ಅವಳು ಮತ್ತೆ ಮೊದಲಿಂದ ಶುರುಮಾಡಿದಳು; ರಕ್ತ ಶ್ವಾಸಕೋಶದವರೆಗೆ ಬಂದು, ನಿಂತಿತು.