ಎರಡನೆಯ ಗೇರಿನ ಹೊಡೆತ

ಗಾಡಿ ಒಂದರಿಂದ ಎರಡನೆಯ ಗೇರಿಗೆ ಬಿದ್ದ ಹೊಡೆತಕ್ಕೆ ಉಳವಪ್ಪನ ಮೊಳಕಾಲು ಮುಂದಿನ ತಗಡಿಗೆ ಬಡಿಯಿತು. ಯಾರೋ ಹಿಂದಿನಿಂದ ಒದ್ದಂತಿತ್ತು. ಸ್ಟೇರಿಂಗು ಹಿಡಿದಿದ್ದ ತಾರಾಬಾಯಿ ಅವನ ಕಡೆ ತಿರುಗಲಿಲ್ಲ. ಸವದತ್ತಿಯಿಂದ ನವಿಲುತೀರ್ಥಕ್ಕೆ ಹೋಗುವ ರಸ್ತೆಯ ಮೇಲೆ ಕಣ್ಣಿಟ್ಟು, ಮೂರನೆಯದು ಇನ್ನೂ ಬರಬೇಕು, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಷ್ಟೇ ಹೇಳಿದರು. ಎಂಜಿನ್ನು ಕೂಗಿ ಕೂಗಿ ಸಾಕಾದ ಮೇಲೆ ಅದೂ ಬಂತು. ಈ ಸಲ ಉಳವಪ್ಪ ಎರಡೂ ಕೈಯಿಂದ ಸೀಟು ಹಿಡಿದುಕೊಂಡಿದ್ದ.

ತಾರಾಬಾಯಿ ಸವದತ್ತಿಯಲ್ಲಿ ಹೆರಿಗೆಯ ಡಾಕ್ಟರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಬತ್ತಿತ್ತು. ಕ್ಲಚ್ಚು ಒತ್ತುವ ಶಕ್ತಿ ಅದಕ್ಕಿರಲಿಲ್ಲ. ಮುಂಬಯಿಯಲ್ಲಿದ್ದ ಅವರ ಸೋದರಮಾವ ತೀರಿಕೊಳ್ಳುವ ಮುಂಚೆ ತಮ್ಮ ಅಮೇರಿಕಾದ ಗಾಡಿಯನ್ನು ಸೋದರಸೊಸೆಯಾದ ಇವರಿಗೆ ಕೊಟ್ಟಿದ್ದರು. ಇಪ್ಪತ್ತು ವರ್ಷ ಹಳೆಯದಾದರೂ ದೊಡ್ಡ ಶ್ರೀಮಂತರು ಕೂಡ್ರುವಂಥ ಗಾಡಿ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ವೇಗ ಏರಿದಂತೆ ಗೇರು ತಾನಾಗಿಯೇ ಬದಲಾಗುತ್ತಿತ್ತು. ಅಲ್ಲಿಯವರೆಗೆ ಯಾವುದಾದರೂ ಹಳ್ಳಿಯಿಂದ ಕರೆ ಬಂದರೆ, ಬಾಡಿಗೆ ಜೀಪಿನವನ ಊಟ, ನಿದ್ದೆ, ಮುನಿಸು ಎಲ್ಲ ಮುಗಿಯುವ ತನಕ ಅಂಗಳದಲ್ಲಿ ಕಾಯುತ್ತಿದ್ದ ತಾರಾಬಾಯಿ ನಲವತ್ತೆರಡನೆಯ ವಯಸ್ಸಿನಲ್ಲಿ ತಾವೇ ಗಾಡಿ ಕಲಿತರು. ಮೂರು ವರ್ಷದಿಂದ ಸುತ್ತಲಿನ ಊರುಗಳಿಗೆಲ್ಲ ಒಬ್ಬರೇ ಹೋಗಿಬರುತ್ತಿದ್ದರು.

ಈಗ ಎರಡು ತಿಂಗಳಿಂದ ಈ ಹೊಡೆತ. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಮಿಸ್ತ್ರಿ, ಗೇರ್ ಬಾಕ್ಸು ಸತ್ತಿದೆ, ಇದರ ಸಾಮಾನು ಎಲ್ಲೂ ಸಿಗುವುದಿಲ್ಲ, ಕಿತ್ತುಹಾಕಿ ಜೀಪಿನದನ್ನು ಕೂಡಿಸಿಕೊಡುತ್ತೇನೆ ಎಂದಿದ್ದ. ಅಂದರೆ ಕ್ಲಚ್ಚು. ಅಂದರೆ ಮತ್ತೆ ಡ್ರೈವರು. ತಾರಾಬಾಯಿಯವರ ತಮ್ಮ ರಘೋತ್ತಮ ಒಬ್ಬನನ್ನು ಗೊತ್ತುಮಾಡಿಯೂ ಇಟ್ಟಿದ್ದ. ಸೋಮವಾರ ಮಿಸ್ತ್ರಿ ಬರುವವನಿದ್ದ. ಇವತ್ತು ಶುಕ್ರವಾರ.

ಉಳವಪ್ಪ ಒಕ್ಕಲುತನದ ಮನೆಯವನು. ನವಿಲುತೀರ್ಥದ ಅಣೆಕಟ್ಟು ಕಟ್ಟುವಾಗ ಹತ್ತು ವರ್ಷ ಮಣ್ಣು ತಳ್ಳುವ ಯಂತ್ರಗಳನ್ನು ರಿಪೇರಿ ಮಾಡಿ, ಎಣ್ಣೆಯ ಒತ್ತಡಕ್ಕೆ ಕಬ್ಬಿಣ ಹೇಗೆ ಮಣಿಯುತ್ತದೆಂಬುದನ್ನು ಕೈಯಿಂದ ಕಲಿತಿದ್ದ. ಅಣೆಕಟ್ಟು ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹಿಂದೆ ಷೆಡ್ಡು ಹಾಕಿದ. ತಾರಾಬಾಯಿಯವರ ಗಾಡಿಯ ಎಂಜಿನ್ನು ಅವನೇ ನೋಡಿಕೊಳ್ಳುತ್ತಿದ್ದ. ಗೇರ್ ಬಾಕ್ಸಿಗೆ ಮಾತ್ರ ಕೈ ಹಚ್ಚಿರಲಿಲ್ಲ. ಹೊಡೆತದ ಸುದ್ದಿ ಕಿವಿಗೆ ಬಿದ್ದಾಗ, ಗಾಡಿಗೆ ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಾಗಿದ್ದ. ಇವತ್ತು ಅವರೇ ಷೆಡ್ಡಿಗೆ ಬಂದು, ನೀವೊಮ್ಮೆ ನೋಡಿಬಿಡಿ ಎಂದು ಕೂಡ್ರಿಸಿಕೊಂಡು ಹೊರಟಿದ್ದರು.

ಬೇವಿನ ಮರದ ನೆರಳಿಗೆ ಗಾಡಿ ನಿಂತ ಮೇಲೆ ಅವನು ಇಳಿದು ಬಾನೆಟ್ಟು ಎತ್ತಿದ. ಗೇರ್ ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿದ, ಮೂಸಿದ. ಕೆಂಪಗೆ ಹಸನಾಗಿತ್ತು. ಸುಟ್ಟ ವಾಸನೆಯಿಲ್ಲ, ಕಬ್ಬಿಣದ ಪುಡಿಯಿಲ್ಲ. ಒಳಗೆ ಸವೆದ ಬಾಕ್ಸಿನ ಎಣ್ಣೆ ಹೀಗಿರುವುದಿಲ್ಲ. ಎಣ್ಣೆಯ ಒತ್ತಡವೇ ಹೆಚ್ಚಾಗುತ್ತಿರಬೇಕು, ಯಾಕೆ ಎಂಬುದು ಹೊಳೆಯಲಿಲ್ಲ.

ತಾರಾಬಾಯಿ ಬಾಗಿಲು ತೆರೆದು ಸೀಟಿನ ಮೇಲೆ ಅಡ್ಡ ಕೂತಿದ್ದರು. ಹೋದ ವಾರ ಯಕ್ಕುಂದಿಯಿಂದ ಬಾಯವ್ವ ಎಂಬ ಬಸುರಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರಂತೆ. ಗೇರು ಬಿದ್ದಾಗಲೊಮ್ಮೆ ಆಕೆ ಚೀರುತ್ತಿದ್ದಳು. ಕಡೆಗೆ ಉಳಿದ ದಾರಿಯನ್ನೆಲ್ಲ ಒಂದನೆಯ ಗೇರಿನಲ್ಲೇ ತೆವಳಿಸಿಕೊಂಡು ಬಂದರು. ತಾಯಿ, ಕೂಸು ಇಬ್ಬರೂ ಈಗ ಸುಖವಾಗಿದ್ದಾರೆ, ಆದರೆ ಆ ಚೀರು ಕಿವಿಯಿಂದ ಹೋಗಿಲ್ಲ ಎಂದರು.

"ಬಾಯಾರ, ಈ ಹೊಡ್ತ ಯಾವಾಗಿಂದ ಸುರು ಆತ್ರಿ?" ಎಂದು ಉಳವಪ್ಪ ಕೇಳಿದ.

ರೋಗಿಗಳಿಗೆ ದಿನವೂ ಇದೇ ಪ್ರಶ್ನೆ ಕೇಳುವವರಿಗೆ ಉತ್ತರ ಬಾಯಲ್ಲೇ ಇತ್ತು. "ಬನದ ಹುಣ್ಣಿಮಿ ಆಗಿ ಎರಡನೇ ದಿನ. ಅದರ ಹಿಂದಿನ ದಿನ ಗಾಡಿ ನಿಮ್ಮ ಕಡೆನೇ ಇತ್ತಲ್ಲ, ಕಾರ್ಬುರೇಟರ್ ತೊಳೀಲಿಕ್ಕೆ."

ಉಳವಪ್ಪನ ಕೈ ನಿಂತಿತು. ಕಾರ್ಬುರೇಟರಿನ ಬದಿಯಿಂದ ಒಂದು ತೆಳ್ಳನೆಯ ಸರಳು ಇಳಿದು ಗೇರ್ ಬಾಕ್ಸಿಗೆ ಹೋಗಿತ್ತು. ಆಕ್ಸಲರೇಟರು ಎಷ್ಟು ತುಳಿದಿದೆ ಎಂಬುದನ್ನು ಬಾಕ್ಸಿಗೆ ಮುಟ್ಟಿಸುವ ಸರಳು. ಅಂದು ಕಾರ್ಬುರೇಟರು ಮರಳಿ ಕೂಡಿಸುವಾಗ ಅದು ಸಡಿಲವೆನಿಸಿ, ಒಳ್ಳೆಯದಾಗಲೆಂದು ಅವನೇ ನಾಲ್ಕು ಸುತ್ತು ತಿರುವಿ ಗಿಡ್ಡ ಮಾಡಿದ್ದ. ಅಂದಿನಿಂದ ಇವರು ಎಷ್ಟು ಮೆಲ್ಲಗೆ ತುಳಿದರೂ ಜೋರಾಗಿ ತುಳಿದಂತೆಯೇ ಬಾಕ್ಸಿಗೆ ಸುದ್ದಿ ಹೋಗುತ್ತಿತ್ತು. ಅದು ತಡಮಾಡಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಗೇರು ಬದಲಿಸುತ್ತಿತ್ತು.

ಪಾನಾ ಹಚ್ಚಿ ತಿರುವಿದರೆ ಎರಡು ನಿಮಿಷದ ಕೆಲಸ. ಬಾನೆಟ್ಟಿನ ಮರೆಯಲ್ಲಿ ಏನು ಮಾಡಿದನೆಂದು ಯಾರಿಗೂ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯವನಿಗೆ ಆಗದ್ದನ್ನು ನಮ್ಮ ಉಳವಪ್ಪ ಮಾಡಿದ ಎಂದು ಬಸ್ ಸ್ಟ್ಯಾಂಡಿನವರು ಮಾತಾಡುವುದು ಅವನಿಗೆ ಈಗಲೇ ಕೇಳಿಸಿತು. ಅದರ ಬೆನ್ನಿಗೇ, ತಾನು ಕಣ್ಣಿಂದ ಕಂಡಿರದ ಬಾಯವ್ವನ ನೆನಪಾಯಿತು. ಪಾನಾ ಕೆಳಗಿಟ್ಟು ಬಾಗಿಲ ಹತ್ತಿರ ಬಂದು ನಿಂತ.

"ಬಾಕ್ಸಿಗೆ ಏನೂ ಆಗಿಲ್ರಿ ಬಾಯಾರ. ತಪ್ಪು ನಂದೈತಿ. ಅಲ್ಲೊಂದು ಸರಳು ನಾನ ಬಿಗಿ ಮಾಡಿದ್ನಿ. ಹೊಡ್ತ ಅಲ್ಲಿಂದ ಬರಾಕತ್ತೈತಿ."

ತಾರಾಬಾಯಿಯವರ ಮುಖ ಬಿಗಿಯಿತು. ಎರಡು ತಿಂಗಳು, ಎಂದರು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹಾದುಹೋಯಿತು. ತಾರಾಬಾಯಿ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು.

"ನಾ ಕೊಟ್ಟ ಔಷಧದಿಂದನ ಆದ ಬ್ಯಾನಿನ್ನ ಹೊಸಾ ರೋಗ ಅಂತ ತಿಳದದ್ದು ನಂಗೂ ಒಂದೆರಡು ಸಲ ಆಗೇದ," ಎಂದರು ಆಮೇಲೆ. "ನಾ ಅದನ್ನ ಯಾರ ಮುಂದೂ ಹೇಳಲಿಲ್ಲ. ಸರಿ ಮಾಡ್ರಿ ಈಗ."

ಅದು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಎರಡು ಸುತ್ತು ಬಿಚ್ಚಿ ಸ್ವಲ್ಪ ದೂರ ಓಡಿಸಿದರು. ಹೊಡೆತ ಅರ್ಧಕ್ಕೆ ಇಳಿದಿತ್ತು. ಇನ್ನೂ ಮೂರು ಸುತ್ತು ಬಿಚ್ಚಿದಾಗ ಸಡಿಲ ಅತಿಯಾಗಿ, ಗೇರು ಹಿಡಿಯದೆ ಎಂಜಿನ್ನು ಬರಿದೇ ಕೂಗಿತು. ಒಂದು ಸುತ್ತು ಹಿಂದಕ್ಕೆ ತಂದು, ನಟ್ಟು ಬಿಗಿದು ಉಳವಪ್ಪ ಪಕ್ಕಕ್ಕೆ ಬಂದು ಕೂತ. ಗಾಡಿ ಹೊರಟಿತು. ಅವನು ಹೊಡೆತಕ್ಕೆ ಕಾಯುತ್ತಿದ್ದ. ಅದು ಬರಲಿಲ್ಲವಲ್ಲ ಎಂದು ತಿರುಗಿ ನೋಡಿದರೆ ತಾರಾಬಾಯಿ ಸ್ಟೇರಿಂಗಿನ ಮೇಲಿಂದ ಎರಡು ಬೆರಳು ಎತ್ತಿ ತೋರಿಸಿದರು. ಸ್ವಲ್ಪ ಹೊತ್ತಿಗೆ ಮೂರು.

ಸವದತ್ತಿಗೆ ಹೊರಳಿ ಹೋಗಬೇಕಾದ ಜಾಗ ದಾಟಿತು. ಅವರು ಹೊರಳಲಿಲ್ಲ.

"ಮುನವಳ್ಳ್ಯಾಗ ಒಬ್ಬಾಕಿ ಬಾಣಂತಿನ್ನ ನೋಡೋದದ. ನಿಮಗ ಹೊತ್ತಾಗ್ತದೇನ್ರಿ?"

ಇಲ್ಲವೆಂದು ಉಳವಪ್ಪ ತಲೆಯಾಡಿಸಿದ. ಮುಂದೆ, ಕಾಲುವೆಯಲ್ಲಿ ಮಿಂದೆದ್ದ ಎಮ್ಮೆಗಳು ನೀರು ಸುರಿಸುತ್ತ ರಸ್ತೆಗೆ ಅಡ್ಡ ಬಂದವು. ತಾರಾಬಾಯಿ ಗಾಡಿ ನಿಲ್ಲಿಸಿದರು, ಹಾರ್ನು ಒತ್ತಲಿಲ್ಲ. ಎಲ್ಲಕ್ಕೂ ಹಿಂದಿದ್ದ ಒಂದು ಕರು ನಡುರಸ್ತೆಯಲ್ಲಿ ನಿಂತು ಗಾಡಿಯನ್ನು ನೋಡಿತು. ಅದು ದಾಟಿ ತಾಯಿಯ ಮಗ್ಗುಲಿಗೆ ಸೇರಿದ ಮೇಲೆ ಅವರು ಬ್ರೇಕಿನಿಂದ ಮೆಲ್ಲಗೆ ಕಾಲೆತ್ತಿದರು.