ಹೋಗಿ ಹೇಳುವವರು

"ನಂಬರ್ ಕೊಡಲ್ಲ ಅಂದ್ಮೇಲೆ ಕೊಡಲ್ಲಮ್ಮ," ಎಂದ ದರ್ಜಿ, ಹೊಲಿಗೆ ಯಂತ್ರದ ಪೆಡಲು ನಿಲ್ಲಿಸದೆ. "ಈಗ್ಲೇ ದಿನಕ್ಕೆ ಹತ್ತು ಫೋನು. ಸೈಟು ಬೇಕಾ, ಕಾರ್ಡು ಬೇಕಾ ಅಂತ. ನಿಮಗೂ ಕೊಟ್ರೆ ಹನ್ನೊಂದು."

"ನಾವು ಫೋನ್ ಮಾಡೋದು ಹೊಳೆ ಮನೆಗೆ ಬಂದ್ರೆ ಮಾತ್ರ ಅಣ್ಣ. ಅದೇನು ದಿನಾ ಬರುತ್ತಾ?"

ಪೆಡಲು ನಿಂತಿತು.

ಇಪ್ಪತ್ತೆರಡು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ ಆಕೆಯನ್ನು ಬೀದಿಯವರೆಲ್ಲ ಮೀಟರಮ್ಮ ಎಂದೇ ಕರೆಯುತ್ತಿದ್ದರು. ಈ ಸಲ ಕಚೇರಿಯವರು ಬೇರೆ ಕೆಲಸ ಕೊಟ್ಟಿದ್ದರು. ಮೇಲಿನ ಅಣೆಕಟ್ಟೆಯ ಗೇಟು ತೆರೆದ ಕೂಡಲೇ ಹೊಳೆದಂಡೆಯ ಅರವತ್ತನಾಲ್ಕು ಮನೆಗಳಿಗೂ ಎಚ್ಚರಿಕೆ ತಲುಪಬೇಕು. ಅದಕ್ಕೆ ಎಲ್ಲರ ಫೋನ್ ನಂಬರ್ ಬೇಕು. ದರ್ಜಿಯದು ಅರವತ್ತಮೂರನೆಯ ಮನೆ. ಗೊಣಗುತ್ತಲೇ ನಂಬರ್ ಹೇಳಿದ.

ಕೊನೆಯ ಮನೆ ಇಸ್ತ್ರಿ ಮಾಡುವವಳದು. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು, ಒಬ್ಬಳೇ ಇರುವವಳು. ಮೀಟರಮ್ಮ ಫೋನು ಎತ್ತಿ ತೋರಿಸಿದರೆ ಆಕೆ ತನ್ನ ಕಿವಿ ಮುಟ್ಟಿ, ಅದನ್ನು ಕಟ್ಟಿಕೊಂಡು ಏನು ಮಾಡಲಿ ಎನ್ನುವಂತೆ ನಕ್ಕಳು.

ಖಾಲಿ ಉಳಿದ ಆ ಒಂದು ಸಾಲು ಮೀಟರಮ್ಮನನ್ನು ಬೀದಿ ದಾಟಲು ಬಿಡಲಿಲ್ಲ. ಮತ್ತೆ ದರ್ಜಿಯ ಅಂಗಡಿಗೇ ಬಂದಳು.

"ನೀರು ಬಂದ್ರೆ ಪಕ್ಕದ ಮನೆಯವಳಿಗೆ ನೀವು ಹೋಗಿ ಹೇಳ್ತೀರಾ ಅಣ್ಣ?"

"ಅವಳಿಗಾ? ಅವಳು ನನ್ನ ಗಿರಾಕಿಯ ಹೊಸ ಅಂಗಿ ಸುಟ್ಟು ಆರು ವರ್ಷ ಆಯ್ತು. ಅವತ್ತಿಂದ ಮಾತಿಲ್ಲ."

"ಆಕೆ ಮಾತಾಡೋದೇ ಇಲ್ವಲ್ಲ ಅಣ್ಣ."

"ನಾನು ಆಡ್ತಿದ್ನಲ್ಲ!" ಎಂದ ದರ್ಜಿ, ಸೂಜಿಗೆ ದಾರ ಪೋಣಿಸುತ್ತ. ಆಮೇಲೆ ಮೆಲ್ಲಗೆ, "ಬರ್ಕೊಳ್ಳಿ. ಹೇಳ್ತೀನಿ ಅಂತ ಮಾತ್ರ ಬರ್ಕೊಳ್ಳಿ. ರಾಜಿ ಆದೆ ಅಂತ ಬರೀಬೇಡಿ," ಎಂದ.

ಮೀಟರಮ್ಮ ಅಲ್ಲೇ ಅವನ ಅಳತೆಪಟ್ಟಿ ಇಸಿದುಕೊಂಡು ಹಾಳೆಯ ಅಂಚಿಗೆ ಗೆರೆ ಎಳೆದಳು. ಮೇಲೆ ಬರೆದಳು: ಹೋಗಿ ಹೇಳುವವರು. ಆಗ ಹೊಳೆಯಿತು, ಇಂಥವರು ಇನ್ನೂ ಇದ್ದಾರೆ: ಹಾಸಿಗೆ ಹಿಡಿದ ಅಜ್ಜ, ಗಂಡನ ಜೊತೆ ಫೋನೂ ಕೆಲಸಕ್ಕೆ ಹೋಗಿಬಿಡುವ ಮನೆಗಳು... ಅರವತ್ತನಾಲ್ಕು ಬಾಗಿಲನ್ನೂ ಮತ್ತೊಮ್ಮೆ ತಟ್ಟಿದಳು. ನಾಲ್ಕು ದಿನ ಹಿಡಿಯಿತು.

"ಕಂಪ್ಯೂಟರಲ್ಲಿ ಈ ಕಾಲಂ ಇಲ್ಲಮ್ಮ. ಇಲ್ಲದ ಉಸಾಬರಿ ನಿಮಗ್ಯಾಕೆ?" ಎಂದರು ಮೇಲಧಿಕಾರಿ.

"ಕಂಪ್ಯೂಟರಲ್ಲಿ ಇಲ್ದಿದ್ರೇನು ಸಾರ್, ಬೀದೀಲಿ ಇದೆಯಲ್ಲ," ಎಂದು ಹಾಳೆಗಳನ್ನು ಚೀಲಕ್ಕೆ ಸೇರಿಸಿಕೊಂಡಳು.

ಮೂರನೆಯ ವಾರ, ಬೆಳಗಿನ ಹನ್ನೊಂದಕ್ಕೆ ಇಡೀ ಬೀದಿಯ ಫೋನುಗಳು ಒಟ್ಟಿಗೇ ಕೂಗಿಕೊಂಡವು. ಮೀಟರಮ್ಮ ದಿಬ್ಬದ ಮೇಲಿನ ಶಾಲೆಯ ಗೇಟಿನಲ್ಲಿ ಪಟ್ಟಿ ಹಿಡಿದು ನಿಂತಳು. ಜನ ಬಂದರು. ಹಾಸಿಗೆ ಹಿಡಿದ ಅಜ್ಜ ಪಕ್ಕದ ಮನೆಯ ಅಣ್ಣತಮ್ಮಂದಿರ ಹೆಗಲ ಮೇಲೆ ಬಂದ, "ಮೆಲ್ಲಗೆ ಹೋಗ್ರೋ" ಎಂದು ಬೈಯುತ್ತ. ಅರವತ್ತೆರಡು ಮನೆಗಳಿಗೆ ಗುರುತು ಬಿತ್ತು. ಕೆಳಗೆ ಕೆಂಪು ನೀರು ಬೀದಿಗೆ ನುಗ್ಗುವುದು ಕಾಣುತ್ತಿತ್ತು. ಕೊನೆಯ ಎರಡು ಸಾಲು ಖಾಲಿ. ಮೀಟರಮ್ಮ ಅವುಗಳ ಮೇಲೆ ಬೆರಳಿಟ್ಟು ದಾರಿಯತ್ತ ಕತ್ತು ಚಾಚಿದಳು.

"ಬಂದ್ರು!" ಎಂದು ಯಾರೋ ಕೂಗಿದರು.

ತಿರುವಿನಲ್ಲಿ ಮೊದಲು ಕಂಡದ್ದು ಇಸ್ತ್ರಿಯವಳು. ತಲೆಯ ಮೇಲೆ ದರ್ಜಿಯ ಹೊಲಿಗೆ ಯಂತ್ರ! ಹಿಂದೆ, ಎದೆವರೆಗೆ ನೆನೆದ ದರ್ಜಿ, ಏದುಸಿರು ಬಿಡುತ್ತ.

"ಒಳಗಿಂದ ಚಿಲಕ ಹಾಕ್ಕೊಂಡಿದ್ಲು. ಕಿಟಕಿಯಿಂದ ದಾರದ ಉಂಡೆ ಎಸೆದೆ. ಏಳನೇದು ಬೆನ್ನಿಗೆ ಬಿತ್ತು ನೋಡಿ, ಹೊಡೆಯೋಕೆ ಇಸ್ತ್ರಿಪೆಟ್ಟಿಗೆ ಎತ್ಕೊಂಡೇ ಬಂದ್ಲು!" ಅವನು ನೀರು ಏರುವಂತೆ ಕೈಯನ್ನು ಕುತ್ತಿಗೆವರೆಗೆ ಏರಿಸಿ ತೋರಿಸಿದ. "ಹೀಗೆ ಅಂದೆ. ಓಡ್ತಾಳೆ ಅನ್ಕೊಂಡ್ರೆ ನನ್ನ ಅಂಗಡಿಗೇ ನುಗ್ಗಿ ಮಿಷನ್ ಎತ್ತಿದ್ಲು. ಬೇಡ ಅಂದ್ರೆ ಕೇಳಿಸ್ಬೇಕಲ್ಲ!"

ಅಂಗಳಕ್ಕೆ ಅಂಗಳವೇ ಕೇಕೆ ಹಾಕಿತು. ಯಾರೋ ಮೀಟರಮ್ಮನನ್ನು ಅನಾಮತ್ತಾಗಿ ಎತ್ತಿಬಿಟ್ಟರು. "ಅಯ್ಯೋ ಇಳಿಸ್ರಪ್ಪ, ಇನ್ನೂ ಗುರುತು ಹಾಕಿಲ್ಲ!" ಎಂದು ಗಾಳಿಯಲ್ಲೇ ಪೆನ್ನು ಹುಡುಕಿದಳು.

ಜನರ ನಡುವೆ ದಾರಿ ಮಾಡಿಕೊಂಡು ಮೇಲಧಿಕಾರಿ ಬಂದರು. "ಉಳಿದ ಬೀದಿಗಳಿಗೂ ಆ ಕಾಲಂ ಬೇಕಮ್ಮ," ಎಂದರು. "ನಾಳೆಯಿಂದಲೇ."

ಮಧ್ಯಾಹ್ನ ಬಿಸಿಲು ಬಂತು. ಶಾಲೆಯ ಜಗಲಿಯಲ್ಲಿ ದರ್ಜಿ ಬರಿಮೈಯಲ್ಲಿ ಕುಳಿತಿದ್ದ. ಇಸ್ತ್ರಿಯವಳು ಅವನ ಒದ್ದೆ ಅಂಗಿಯನ್ನು ಹಿಂಡಿ, ಬೆಂಚಿನ ಮೇಲೆ ಹರಡಿ, ಕಾಲರಿನ ಸುಕ್ಕುಗಳನ್ನು ಒಂದೊಂದಾಗಿ ಅಂಗೈಯಿಂದ ತೀಡುತ್ತಿದ್ದಳು.