ಪಾನಕದಲ್ಲಿ ಕರಗಿದ ಮಾತ್ರೆ

ಬಾಗಿಲು ತೆರೆದು ಹೊರಬಂದ ನರ್ಸ್ ಕಾಶವ್ವನ ಅಂಗಿಯ ತೋಳಿಗೆ ರಕ್ತ ತಾಗಿತ್ತು. ಅರ್ಧ ಗಂಟೆಯ ಕೆಲಸವೆಂದು ಚಿಕ್ಕಮಾರಯ್ಯನನ್ನು ಒಳಗೆ ಕರೆದೊಯ್ದು ಒಂದೂವರೆ ಗಂಟೆಯಾಗಿತ್ತು.

"ಕರುಳಾಗಿನ ಗಡ್ಡಿ ತೆಗದೇವ್ರಿ. ಆದ್ರ ತೆಗೆದ ಜಾಗಾದಾಗ ರಕ್ತ ನಿಲ್ಲವಲ್ದು. ಹಿಂಗ ಆಗೂದು ಅಪರೂಪ," ಎಂದಳು. "ರಕ್ತ ತೆಳು ಮಾಡೋ ಗುಳಿಗಿ ನಿಲ್ಲಿಸಿದ್ರಿ ಹೌದಲ್ರಿ?"

"ವಾರ ಆಯ್ತು ಸಿಸ್ಟರ್. ಇಲ್ಲಿನ ಡಾಕ್ಟ್ರು ಹೇಳಿದ್ದನ್ನ ಬರೆದು ನಾನೇ ಫ್ರಿಜ್ ಮೇಲೆ ಅಂಟ್ಸಿದೀನಿ," ಎಂದ ಮಗ ಬಾಲರಾಜು.

ಪಕ್ಕದಲ್ಲಿದ್ದ ತಾಯಿ ಲಕ್ಕಮ್ಮ ಕುರ್ಚಿಯಿಂದೆದ್ದಳು. ಮೂರು ವರ್ಷದ ಹಿಂದೆ ಗಂಡನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಇದೇ ಮಾತ್ರೆ ತೋರಿಸಿ, ಒಂದು ದಿನವೂ ಬಿಡಬಾರದು ಎಂದಿದ್ದರು. ಅಂದಿನಿಂದ ಪುಟ್ಟೇನಹಳ್ಳಿಯ ಮನೆಯಲ್ಲಿ ಮಾತ್ರೆಯ ಡಬ್ಬಿ ಅವಳ ಕೈಯಲ್ಲೇ ಇತ್ತು. ಈ ವಾರ ಗಂಡ ಬೇಡವೆಂದರೂ, ದಿನಾ ಬೆಳಿಗ್ಗೆ ಅವನಿಗೆ ಗೊತ್ತಾಗದಂತೆ ಪುಡಿಮಾಡಿ ಬೆಲ್ಲದ ಪಾನಕಕ್ಕೆ ಬೆರೆಸಿ ಕುಡಿಸಿದ್ದಳು.

ಕಾಶವ್ವ ಒಳಗೆ ತಿರುಗಿದಳು. ಲಕ್ಕಮ್ಮ ಓಡಿ ಅವಳ ತೋಳು ಹಿಡಿದಳು.

"ತಡಿಯವ್ವ. ನಿನ್ನೆಗಂಟ ಕೊಟ್ಟಿವ್ನಿ. ಪಾನಕದಲ್ಲಿ ಅರ್ದು ಆಕಿ ಕೊಟ್ಟಿವ್ನಿ. ಅವ್ರಿಗೂ ಗೊತ್ತಿಲ್ಲ."

ಬಾಲರಾಜು ಅವಳತ್ತ ತಿರುಗಿದ. "ಏನಮ್ಮ ಮಾಡ್ದೆ ನೀನು..."

"ಎದೆ ನಿಂತೋದ್ರೆ ಅಂತ ಎದ್ರಿಕೆ ಕಣಪ್ಪ."

ಕಾಶವ್ವ ತೋಳು ಬಿಡಿಸಿಕೊಳ್ಳಲಿಲ್ಲ. ಆ ಕೈಯ ಮೇಲೆ ತನ್ನ ಕೈಯಿಟ್ಟು, "ಈಗರೆ ಹೇಳಿದ್ರಲ್ಲಬೇ, ಛಲೋ ಆತು. ಯಾಕ ನಿಲ್ಲವಲ್ದಂತ ಡಾಕ್ಟರಿಗೆ ತಿಳೀತದ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಯಾರೋ ರಕ್ತನಿಧಿಯತ್ತ ಮೆಟ್ಟಿಲಿಳಿದು ಓಡಿದರು.

"ಅಪ್ಪಂಗೆ ಗೊತ್ತಾದ್ರೆ ಸುಮ್ನಿರ್ತಾರಾ?" ಎಂದ ಬಾಲರಾಜು, ನೆಲ ನೋಡುತ್ತ.

"ಬೈಲಿ. ಎದ್ದು ಬೈದ್ರೆ ಸಾಕು."

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಬಂದರು. ರಕ್ತ ಬರುತ್ತಿದ್ದ ಕಡೆ ನಾಲ್ಕು ಕ್ಲಿಪ್ ಹಾಕಿದ್ದರು. ಸದ್ಯಕ್ಕೆ ನಿಂತಿದೆ, ಕರುಳಿಗೆ ತೂತು ಬಿದ್ದಿಲ್ಲ, ಎರಡು ದಿನ ಇಲ್ಲೇ ಇರಲಿ ಎಂದರು. ಆಮೇಲೆ ಮಗನನ್ನು ಬಿಟ್ಟು ಲಕ್ಕಮ್ಮನ ಕಡೆಗೇ ತಿರುಗಿ, "ಆ ಎದೆ ಡಾಕ್ಟರ ಹತ್ರ ನಾನೇ ಮಾತಾಡ್ತೀನಮ್ಮ. ಮಾತ್ರೆ ಮತ್ತೆ ಯಾವತ್ತಿಂದ ಅಂತ ನಿಮಗೇ ಹೇಳ್ತೀನಿ," ಎಂದರು.

ಲಕ್ಕಮ್ಮ ತಲೆಯಾಡಿಸಿ ಕುರ್ಚಿಯಲ್ಲಿ ಕುಳಿತಳು. ಬಾಲರಾಜು ಎದ್ದು ಬಾಗಿಲವರೆಗೆ ನಡೆದ. ಓಡುವಾಗ ಅವಳ ಕಾಲಿಂದ ಜಾರಿದ ಚಪ್ಪಲಿಗಳು ಅಲ್ಲಿ ದಿಕ್ಕಿಗೊಂದಾಗಿ ಬಿದ್ದಿದ್ದವು. ಎತ್ತಿ ತಂದು, ಬಗ್ಗಿ, ಅವಳ ಬರಿಗಾಲಿನ ಮುಂದೆ ಜೋಡಿಸಿಟ್ಟ.